ಜಾನ್ ಮಾರ್ಷಲ್

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಈ ಶಾಲೆಯ ಬೆಂಚಿನ ಮೇಲೆ ಕುಳಿತು ಬಾಯಿಪಾಠ ಮಾಡಿದವನು ನಾನು. ಮೂರನೆಯ ಅಂಗಕ್ಕೆ ಬಲ ಬಂದದ್ದು ಹೇಗೆಂದು ತಿಳಿದದ್ದು, ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಜಾನ್ ಮಾರ್ಷಲ್ ಅವರ ಜೀವನ ಓದಿದಾಗ.

1755ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿದ ಅವರು ಹದಿನೈದು ಮಕ್ಕಳಲ್ಲಿ ಹಿರಿಯರು. ಶಾಲೆಗೆ ಹೋದದ್ದು ಕಡಿಮೆ; ತಂದೆಯೇ ಓದು ಕಲಿಸಿದರು. ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿ, ಕೆಲವೇ ತಿಂಗಳು ಕಾನೂನು ಪಾಠ ಕೇಳಿ ವಕೀಲರಾದರು. 1801ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಾದರು. ಆಗ ಆ ಕೋರ್ಟಿಗೆ ಸ್ವಂತ ಕಟ್ಟಡವೂ ಇರಲಿಲ್ಲ.

ಮಾರ್ಬರಿ ಎಂಬುವರು ತಮ್ಮ ನೇಮಕಾತಿ ಪತ್ರವನ್ನು ಹೊಸ ಸರ್ಕಾರ ಕೊಡುತ್ತಿಲ್ಲವೆಂದು ನೇರವಾಗಿ ಅಲ್ಲಿಗೇ ಬಂದರು. ಹಿಂದಿನ ಸರ್ಕಾರದಲ್ಲಿ ಮಂತ್ರಿಯಾಗಿ ಆ ಪತ್ರವನ್ನು ತಲುಪಿಸದೆ ಉಳಿಸಿದವರು ಮಾರ್ಷಲ್ ಅವರೇ! ಕೊಡಿ ಎಂದು ಆಜ್ಞೆ ಮಾಡಿ, ಸರ್ಕಾರ ಕೇಳದಿದ್ದರೆ ಕೋರ್ಟಿನ ಮಾನ ಹೋಗುತ್ತಿತ್ತು. 1803ರಲ್ಲಿ ತೀರ್ಪು ಬಂತು: ಮಾರ್ಬರಿಯವರಿಗೆ ಹಕ್ಕಿದೆ, ಆದರೆ ನೇರ ಅರ್ಜಿಗೆ ಅವಕಾಶ ಕೊಟ್ಟ ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧ, ಆದ್ದರಿಂದ ಅಸಿಂಧು. ಹೀಗೆ ಒಂದು ಸಣ್ಣ ಅಧಿಕಾರ ಬಿಟ್ಟುಕೊಟ್ಟು, ಸಂಸತ್ತಿನ ಕಾಯ್ದೆಯನ್ನೇ ಪರಿಶೀಲಿಸುವ ದೊಡ್ಡ ಅಧಿಕಾರವನ್ನು ಕೋರ್ಟಿಗೆ ಉಳಿಸಿದರು.

ಗುಲಾಮರನ್ನು ಇಟ್ಟುಕೊಂಡಿದ್ದು ಅವರ ಬಾಳಿನ ಕಪ್ಪುಚುಕ್ಕೆ, ಅದನ್ನು ಮುಚ್ಚಿಡಬಾರದು. 1835ರಲ್ಲಿ ತೀರಿಕೊಳ್ಳುವವರೆಗೂ ಆ ಪೀಠದಲ್ಲಿದ್ದರು.

ಮೂಲಭೂತ ಹಕ್ಕನ್ನು ಕಸಿಯುವ ಕಾನೂನು ನಿಲ್ಲದು ಎಂದು ನಮ್ಮ ಸಂವಿಧಾನದ 13ನೇ ವಿಧಿ ಸ್ಪಷ್ಟವಾಗಿಯೇ ಬರೆದಿಟ್ಟಿದೆ. ಈಗ ಓದುತ್ತಿರುವ ತಮ್ಮ ತಂಗಿಯರು ಅದನ್ನು ಅಂಕಕ್ಕಾಗಿ ಮಾತ್ರ ಓದದಿರಲಿ.