ಆರ್. ಶಾಮಶಾಸ್ತ್ರಿ: ಓಲೆಗರಿಯಿಂದ ರಾಜ್ಯಶಾಸ್ತ್ರದವರೆಗೆ

ಆಧುನಿಕ ಕರ್ನಾಟಕದ ಸಂಶೋಧನೆಯ ಚರಿತ್ರೆಯಲ್ಲಿ ರುದ್ರಪಟ್ಟಣ ಶಾಮಶಾಸ್ತ್ರಿಗಳ ಹೆಸರು ಕೌಟಿಲ್ಯನ ಅರ್ಥಶಾಸ್ತ್ರದೊಂದಿಗೆ ಬೆಸೆದುಕೊಂಡಿದೆ. ಅವರ ಜೀವನವನ್ನು ಒಂದು ಓಲೆಗರಿಯ ಕಟ್ಟು ಕೈಸೇರಿದ ಪ್ರಸಂಗಕ್ಕೆ ಇಳಿಸಿ ಹೇಳುವುದು ರೂಢಿಯಾಗಿದೆ. ಹಸ್ತಪ್ರತಿ ದೊರೆತುದಕ್ಕಿಂತ ಅದನ್ನು ಓದಿ, ತಿದ್ದಿ, ಲೋಕದ ಚರ್ಚೆಗೆ ಒಪ್ಪಿಸಿದ ರೀತಿಯಲ್ಲಿಯೇ ಅವರ ಹಿರಿಮೆಯಿದೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಶಾಮಶಾಸ್ತ್ರಿಗಳು 1868ರಲ್ಲಿ ಕಾವೇರಿ ತೀರದ ರುದ್ರಪಟ್ಟಣದಲ್ಲಿ ಜನಿಸಿದರು. ಅರಕಲಗೂಡು ಸೀಮೆಯ ಈ ಊರೂ ಪಿರಿಯಾಪಟ್ಟಣದ ಬೆಟ್ಟದಪುರವೂ ಸಂಕೇತಿ ಸಮುದಾಯದ ಪ್ರಾಚೀನ ನೆಲೆಗಳು. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ವಿದ್ವತ್ ಪದವಿಯನ್ನೂ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನೂ ಪಡೆದ ಅವರಲ್ಲಿ ಪಾಠಶಾಲೆಯ ಶಾಸ್ತ್ರಶಿಸ್ತು ಹಾಗೂ ಹೊಸ ವಿದ್ಯಾಭ್ಯಾಸದ ಚಾರಿತ್ರಿಕ ದೃಷ್ಟಿ ಒಂದುಗೂಡಿದ್ದವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಪ್ರೋತ್ಸಾಹದಿಂದ ಅವರು, 1891ರಲ್ಲಿ ಆರಂಭವಾಗಿದ್ದ ಸರ್ಕಾರಿ ಪ್ರಾಚ್ಯ ಗ್ರಂಥಾಲಯದ ಗ್ರಂಥಪಾಲಕರಾದರು.

ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ಪ್ರತಿಯೊಂದನ್ನು, ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಣುಕಿನೊಡನೆ, ಈ ಗ್ರಂಥಾಲಯಕ್ಕೆ ಒಪ್ಪಿಸಿದರು. ಆ ಪಂಡಿತರ ಹೆಸರನ್ನು ನಮ್ಮ ಚರಿತ್ರೆ ನೆನಪಿಟ್ಟುಕೊಳ್ಳಲಿಲ್ಲ. ದಂಡಿ, ಕಾಮಂದಕ, ಸೋಮದೇವಸೂರಿ ಮೊದಲಾದವರ ಮೂಲಕ ಅರ್ಥಶಾಸ್ತ್ರದ ಹೆಸರು ವಿದ್ವಾಂಸರಿಗೆ ತಿಳಿದಿದ್ದರೂ ಪೂರ್ಣ ಪಠ್ಯ ಅಚ್ಚಿನಲ್ಲಿ ಇರಲಿಲ್ಲ. ಇದಿರಿಗಿದ್ದ ಪ್ರತಿಯನ್ನು ಗುರುತಿಸಿದ ಶಾಮಶಾಸ್ತ್ರಿಗಳು, ಬೇರೆ ಪ್ರತಿಗಳು ಸಿಗುವವರೆಗೆ ಅದನ್ನು ಬೀರುವಿನಲ್ಲಿಟ್ಟು ಕಾಯಲಿಲ್ಲ. 1905ರಿಂದಲೇ ಇಂಡಿಯನ್ ಆಂಟಿಕ್ವೆರಿ ಮತ್ತು ಮೈಸೂರು ರಿವ್ಯೂ ಪತ್ರಿಕೆಗಳಲ್ಲಿ ಇಂಗ್ಲಿಷ್ ಅನುವಾದವನ್ನು ಬಿಡಿಬಿಡಿಯಾಗಿ ಪ್ರಕಟಿಸಿದರು. 1909ರಲ್ಲಿ ಸಂಸ್ಕೃತ ಮೂಲವೂ, 1915ರಲ್ಲಿ ಜೆ.ಎಫ್. ಫ್ಲೀಟರ ಪೀಠಿಕೆಯೊಡನೆ ಪೂರ್ಣ ಅನುವಾದವೂ ಪುಸ್ತಕರೂಪದಲ್ಲಿ ಬಂದವು.

ಈ ನಿರ್ಧಾರದಲ್ಲಿ ಅಪಾಯವಿತ್ತು. ಒಂದೇ ಪ್ರತಿಯನ್ನು ನೆಚ್ಚಿದ ಪಾಠದಲ್ಲಿ ದೋಷಗಳು ಉಳಿಯುವುದು ಅನಿವಾರ್ಯ. ಟಿ. ಗಣಪತಿಶಾಸ್ತ್ರಿಗಳು 1924ರಿಂದ ತಿರುವನಂತಪುರದಲ್ಲಿ ಹೊರತಂದ ಆವೃತ್ತಿ ಹಾಗೂ ಆರ್.ಪಿ. ಕಾಂಗ್ಲೆಯವರು 1960ರಲ್ಲಿ ಪ್ರಕಟಿಸಿದ ವಿಮರ್ಶಾತ್ಮಕ ಪಠ್ಯ ಅನೇಕ ಪಾಠಗಳನ್ನು ಪರಿಷ್ಕರಿಸಿದವು. ಚಂದ್ರಗುಪ್ತ ಮೌರ್ಯನ ಮಂತ್ರಿಯೇ ಇದರ ಕರ್ತೃವೆಂಬ ಶಾಮಶಾಸ್ತ್ರಿಗಳ ಗ್ರಹಿಕೆಯೂ ಈಗ ನಿರ್ವಿವಾದವಾಗಿ ಉಳಿದಿಲ್ಲ. 1971ರ ಟಾಮಸ್ ಟ್ರಾಟ್‌ಮನ್ನರ ಅಧ್ಯಯನ ಕೃತಿಯಲ್ಲಿ ಒಂದಕ್ಕಿಂತ ಹೆಚ್ಚು ಕೈಗಳನ್ನು ಕಂಡಿತು. ಆದರೆ ಈ ತಿದ್ದುಪಡಿಗಳೆಲ್ಲ ಸಾಧ್ಯವಾದದ್ದು ತಿದ್ದಲು ಒಂದು ಅಚ್ಚಾದ ಪಠ್ಯವಿದ್ದುದರಿಂದ. ಇನ್ನೊಬ್ಬರು ಮೀರಿ ಹೋಗಲು ಅವಕಾಶ ಕೊಡುವುದು ಸಂಶೋಧನೆಯ ಧರ್ಮವೆಂದು ಒಪ್ಪುವುದಾದರೆ, ಮೊದಲ ಸಂಪಾದಕನ ಕೊರತೆಗಳೂ ಅವನ ಕೊಡುಗೆಯ ಭಾಗವಾಗುತ್ತವೆ.

ಕೃತಿಯ ಸ್ವರೂಪವೇ ಸಂಪಾದಕನಿಂದ ಬಹುಶಾಸ್ತ್ರೀಯ ಸಿದ್ಧತೆಯನ್ನು ಬೇಡುವಂಥದು. ಅದು ಆನ್ವೀಕ್ಷಿಕೀ, ತ್ರಯೀ, ವಾರ್ತಾ, ದಂಡನೀತಿ ಎಂಬ ನಾಲ್ಕು ವಿದ್ಯೆಗಳನ್ನು ಮೊದಲು ನಿರೂಪಿಸುತ್ತದೆ. ತತ್ತ್ವವಿಚಾರ, ರಾಜಕುಮಾರನ ಶಿಕ್ಷಣ, ವ್ಯವಹಾರ ನ್ಯಾಯ, ಗಣಿ, ಲೋಹ, ತೂಕ, ಅಳತೆಗಳವರೆಗೆ ಹದಿನೈದು ಅಧಿಕರಣಗಳಲ್ಲಿ ಹರಡಿಕೊಳ್ಳುತ್ತದೆ. ಭಾರತೀಯರು ಪರಲೋಕವನ್ನಷ್ಟೇ ಚಿಂತಿಸಿದರೆಂಬ ವಸಾಹತುಶಾಹಿ ಗ್ರಹಿಕೆಯನ್ನು ಈ ಪ್ರಕಟಣೆ ಅಲುಗಿಸಿತು. ರಾಷ್ಟ್ರೀಯವಾದಿ ವಿದ್ವಾಂಸರು ಇದನ್ನು ಹೆಮ್ಮೆಯ ಆಧಾರವಾಗಿ ಬಳಸಿಕೊಂಡರು.

ಹೆಮ್ಮೆಯ ಓದು ಮಾತ್ರ ಸಾಲದು. ಎರಡನೆಯ ಅಧಿಕರಣದ ಆನೆಯ ಪ್ರಕರಣಗಳನ್ನು ಸರಗೂರು, ಹೆಗ್ಗಡದೇವನಕೋಟೆಗಳ ಹಿನ್ನೆಲೆಯಲ್ಲಿ ಓದಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ಕೌಟಿಲ್ಯನು ಗಜವನವನ್ನು ರಾಜನ ಸ್ವತ್ತಾಗಿಸಿ, ಆನೆ ಕೊಂದವನಿಗೆ ಮರಣದಂಡನೆಯನ್ನೂ, ಬೇಸಿಗೆಯಲ್ಲಿ ಇಪ್ಪತ್ತು ವರ್ಷದ ಆನೆಯನ್ನು ಹಿಡಿಯುವ ಕ್ರಮವನ್ನೂ ವಿಧಿಸುತ್ತಾನೆ. ಹೆಜ್ಜೆ, ಲದ್ದಿ, ಮಲಗಿದ ಜಾಗಗಳ ಗುರುತಿನಿಂದ ಆನೆಯ ಜಾಡು ತಿಳಿಯುವ ವನಚರರ ಜ್ಞಾನವನ್ನು ಅವನು ಸೇವೆಗೆ ಬಳಸುತ್ತಾನೆ. ಕಾಡಿನ ಒಡೆತನವನ್ನು ಅವರಿಗೆ ಬಿಡುವುದಿಲ್ಲ. 1971ರವರೆಗೆ ಕಾಕನಕೋಟೆಯಲ್ಲಿ ನಡೆದ ಖೆಡ್ಡಾಗಳಲ್ಲಿಯೂ ಜೇನುಕುರುಬರ ಜ್ಞಾನ ಇಂಥದೇ ಸ್ಥಾನ ಪಡೆದಿತ್ತು. ಈ ಎರಡರ ನಡುವೆ ನೇರ ಸಂಬಂಧವನ್ನು ಹೇಳಲಾಗದು. ಆದರೆ ಪ್ರಭುತ್ವವು ಜ್ಞಾನವನ್ನು ಪಡೆದು ಜ್ಞಾನಿಯನ್ನು ಹೊರಗಿಡುವ ಬಗೆ ಎರಡರಲ್ಲಿಯೂ ಕಾಣುತ್ತದೆ.

ಶಾಮಶಾಸ್ತ್ರಿಗಳು 1912ರಿಂದ 1918ರವರೆಗೆ ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯ ಮುಖ್ಯಸ್ಥರಾಗಿದ್ದು, ಮುಂದೆ ಗ್ರಂಥಾಲಯದ ಕ್ಯುರೇಟರ್ ಆಗಿ ಮರಳಿದರು. ಆರ್. ನರಸಿಂಹಾಚಾರ್ಯರ ತರುವಾಯ ಮೈಸೂರು ಪುರಾತತ್ತ್ವ ಇಲಾಖೆಯ ಹೊಣೆ ಹೊತ್ತರು. ಲಿಂಗಣ್ಣ ಕವಿಯ ಕೆಳದಿನೃಪವಿಜಯವನ್ನು ಸಂಪಾದಿಸಿದ್ದು ಕನ್ನಡಕ್ಕೆ ಅವರು ಸಲ್ಲಿಸಿದ ನೇರ ಸೇವೆ. ಕಲ್ಕತ್ತಾ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ನೀಡಿತು. ಅಲ್ಲಿಯ ಅಶುತೋಷ್ ಮುಖರ್ಜಿಯವರ ಮೇಲಿನ ಗೌರವದಿಂದ ಅವರು ಮೈಸೂರಿನ ತಮ್ಮ ಮನೆಗೆ ಅಶುತೋಷ್ ಎಂದೇ ಹೆಸರಿಟ್ಟರು. 1944ರಲ್ಲಿ ಅವರು ನಿಧನರಾದರು.

ಪುರಸ್ಕರಿಸಿದವರ ಹೆಸರು ಮನೆಯ ಬಾಗಿಲಲ್ಲಿ ಉಳಿಯಿತು, ಪ್ರತಿ ತಂದುಕೊಟ್ಟವರ ಹೆಸರು ಉಳಿಯಲಿಲ್ಲ. ಇದನ್ನು ಒಬ್ಬ ವ್ಯಕ್ತಿಯ ಲೋಪವೆನ್ನಲಾಗದು. ಹಸ್ತಪ್ರತಿಯನ್ನು ಕೃತಿಯಾಗಿ ಮಾತ್ರ ಕಂಡು, ಅದನ್ನು ಕಾಪಾಡಿದ ಕೈಗಳನ್ನು ದಾಖಲಿಸದ ಪದ್ಧತಿಯ ಮಿತಿ ಇದು. ನಮ್ಮ ಗ್ರಂಥಸಂಪಾದನೆ ಪಾಠಾಂತರಗಳಂತೆಯೇ ಪ್ರತಿಗಳ ಒಡೆಯರನ್ನೂ ಲಿಪಿಕಾರರನ್ನೂ ಅವು ಬಂದ ದಾರಿಯನ್ನೂ ದಾಖಲಿಸುವ ಶಿಸ್ತನ್ನು ರೂಢಿಸಿಕೊಂಡಾಗ, ಶಾಮಶಾಸ್ತ್ರಿಗಳು ಆರಂಭಿಸಿದ ಕೆಲಸ ಇನ್ನಷ್ಟು ಪೂರ್ಣಗೊಳ್ಳುತ್ತದೆ.