ಕಮಲಾದೇವಿಯವರ ಭಾವ

ಟಿ. ನಗರಕ್ಕೆ ಬಂದು ಹನ್ನೊಂದು ವರ್ಷವಾಯಿತು. ನಾನು ನಡೆದು ಆಫೀಸಿಗೆ ಹೋಗುವ ರಸ್ತೆಗೆ ಈಗ ನಟ ಶಿವಾಜಿ ಗಣೇಶನ್ ಹೆಸರು. ಹಳಬರ ಬಾಯಲ್ಲಿ ಅದು ಸೌತ್ ಬೋಗ್ ರಸ್ತೆ. ಅಲ್ಲೇ ಬಾಲನ್ ಇಲ್ಲಂ ಇದೆ, ಭಾರತ ಕಮ್ಯುನಿಸ್ಟ್ ಪಕ್ಷದ ತಮಿಳುನಾಡು ಕಚೇರಿ. ಅದರ ಮುಂದೆ ಹೋಗುವಾಗಲೆಲ್ಲ ನನಗೆ ನಮ್ಮ ಮಂಗಳೂರಿಗೆ ಸಂಬಂಧಪಟ್ಟ ಒಬ್ಬರ ನೆನಪಾಗುತ್ತದೆ.

ಕಮಲಾದೇವಿ ಚಟ್ಟೋಪಾಧ್ಯಾಯರು ನಮ್ಮೂರವರು, 1903ರಲ್ಲಿ ಹುಟ್ಟಿದವರು. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಓದಲು ಬಂದಾಗ ಸುಹಾಸಿನಿ ಎಂಬ ಗೆಳತಿ ಸಿಕ್ಕರು. ಆ ಗೆಳತಿಯ ಅಣ್ಣ ಹರೀಂದ್ರನಾಥರನ್ನೇ ಮುಂದೆ ಮದುವೆಯಾದರು. ಸರೋಜಿನಿ ನಾಯ್ಡು ಆ ಮನೆಯ ಹಿರಿಯ ಮಗಳು. ಹಿರಿಯ ಮಗ ವೀರೇಂದ್ರನಾಥ, ಯುರೋಪಿನವರ ಬಾಯಲ್ಲಿ ಬರೀ ಚಟ್ಟೋ. ನಮ್ಮ ಕಡೆಯ ಲೆಕ್ಕದಲ್ಲಿ ಕಮಲಾದೇವಿಯವರಿಗೆ ಭಾವ.

ಹುಟ್ಟಿದ್ದು 1880ರಲ್ಲಿ, ಹೈದರಾಬಾದಿನಲ್ಲಿ. ತಂದೆ ಅಘೋರನಾಥರು ವಿಜ್ಞಾನಿ, ನಿಜಾಂ ಕಾಲೇಜಿನ ಪ್ರಿನ್ಸಿಪಾಲರು. ಮಗ ಮದ್ರಾಸ್ ವಿಶ್ವವಿದ್ಯಾಲಯದ ಮೆಟ್ರಿಕ್ ಪಾಸು ಮಾಡಿ, ಕಲ್ಕತ್ತೆಯ ಪದವಿ ಪಡೆದು, 1902ರಲ್ಲಿ ಐಸಿಎಸ್ ಪರೀಕ್ಷೆಗೆಂದು ಇಂಗ್ಲೆಂಡಿಗೆ ಹೋದರು. ಹೋದವರು ಮತ್ತೆ ಈ ನೆಲಕ್ಕೆ ಕಾಲಿಡಲಿಲ್ಲ.

ಲಂಡನ್ನಿನಲ್ಲಿ ಶ್ಯಾಮಜಿ ಕೃಷ್ಣವರ್ಮ, ಸಾವರ್ಕರರ ಒಡನಾಟವಾಯಿತು. ಐಸಿಎಸ್ ಕೈತಪ್ಪಿತು, ವಕೀಲಿ ಓದಿನಿಂದಲೂ ಹೊರಹಾಕಿದರು. 1910ರಲ್ಲಿ ಪ್ಯಾರಿಸ್ಸಿಗೆ ಹೋದರು, ಮಹಾಯುದ್ಧ ಶುರುವಾದಾಗ ಬರ್ಲಿನ್ನಿನಲ್ಲಿದ್ದರು. ಅಲ್ಲಿ ಜರ್ಮನಿಯ ನೆರವಿನಿಂದ ಭಾರತವನ್ನು ಬಿಡಿಸಲು ಕಟ್ಟಿದ ಸಮಿತಿಗೆ ಅವರೇ ಮುಂದಾಳು. ಬ್ರಿಟಿಷ್ ಗುಪ್ತಚರರು ಊರಿಂದೂರಿಗೆ ಬೆನ್ನು ಹತ್ತಿದರು. 1915ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅವರನ್ನು ಮುಗಿಸುವ ಪ್ರಯತ್ನವೂ ನಡೆದು ವಿಫಲವಾಯಿತು. ಆ ಯುದ್ಧಕಾಲದಲ್ಲಿ ಸ್ವತಃ ಬ್ರಿಟಿಷ್ ಗೂಢಚಾರರಾಗಿದ್ದ ಲೇಖಕ ಸಾಮರ್ಸೆಟ್ ಮಾಮ್, ಚಟ್ಟೋ ಅವರನ್ನು ಮಾದರಿಯಾಗಿಟ್ಟುಕೊಂಡು ಒಂದು ಕಥೆಯ ಪಾತ್ರವನ್ನೇ ಕಟ್ಟಿದರು.

ಸಾಮ್ರಾಜ್ಯದ ಬೇಹುಗಾರರ ಕೈಯಿಂದ ಇಷ್ಟು ವರ್ಷ ತಪ್ಪಿಸಿಕೊಂಡ ಈ ಮನುಷ್ಯನಿಗೆ ರಷ್ಯಾದ ಕ್ರಾಂತಿ ಭರವಸೆಯಾಗಿ ಕಂಡಿತು. 1921ರಲ್ಲಿ ಮಾಸ್ಕೋಗೆ ಹೋಗಿಬಂದರು. 1927ರಲ್ಲಿ ಬ್ರಸೆಲ್ಸಿನಲ್ಲಿ ಸಾಮ್ರಾಜ್ಯಶಾಹಿ ವಿರೋಧಿ ಸಂಘ ಹುಟ್ಟಿದಾಗ, ನೆಹರೂ ಭಾಗವಹಿಸಿದ್ದ ಆ ಕೆಲಸದಲ್ಲಿ ಚಟ್ಟೋ ಬೆವರೂ ಇತ್ತು. ಜರ್ಮನಿಯಲ್ಲಿ ಹಿಟ್ಲರನ ಕೈ ಮೇಲಾಗುವ ಹೊತ್ತಿಗೆ ಸೋವಿಯತ್ ನೆಲಕ್ಕೆ ಹೋಗಿ, ಕೊನೆಗೆ ಲೆನಿನ್‌ಗ್ರಾಡಿನ ಜನಾಂಗ ಅಧ್ಯಯನ ಸಂಸ್ಥೆಯಲ್ಲಿ ಭಾರತ ವಿಭಾಗದ ಕೆಲಸ ಹಿಡಿದರು. ಲಿಡಿಯಾ ಕರುನೋವ್‌ಸ್ಕಯಾ ಎಂಬ ವಿದ್ವಾಂಸೆಯನ್ನು ಮದುವೆಯಾದರು. ಅಲೆದು ಅಲೆದು ಐವತ್ತು ದಾಟಿದ ಮೇಲೆ ಒಂದು ಮನೆ, ಒಂದು ಸಂಬಳ.

ಆ ದೇಶದ ರಹಸ್ಯ ಪೊಲೀಸರ ಕಥೆ 1917ರ ಡಿಸೆಂಬರಿನಲ್ಲಿ, ಕ್ರಾಂತಿಯ ಮರುತಿಂಗಳೇ ಶುರುವಾಗಿತ್ತು. ಮೊದಲ ಹೆಸರು ಚೆಕಾ, ಆಮೇಲೆ ಜಿಪಿಯು, ಒಜಿಪಿಯು, 1934ರಿಂದ ಎನ್‌ಕೆವಿಡಿ. ನಮಗೆ ಗೊತ್ತಿರುವ ಕೆಜಿಬಿ ಎಂಬ ಹೆಸರು ಬಂದದ್ದು 1954ರಲ್ಲಿ. ಬೋರ್ಡು ಬದಲಾಯಿತು, ಕೆಲಸ ಬದಲಾಗಲಿಲ್ಲ. 1934ರ ಡಿಸೆಂಬರ್ 1ರಂದು ಲೆನಿನ್‌ಗ್ರಾಡಿನ ಪಕ್ಷದ ಮುಖ್ಯಸ್ಥ ಕಿರೋವ್ ಕೊಲೆಯಾಯಿತು. ಭಯೋತ್ಪಾದನೆಯ ಆರೋಪವಿದ್ದರೆ ಹತ್ತು ದಿನದಲ್ಲಿ ತನಿಖೆ, ವಕೀಲರಿಲ್ಲ, ಮೇಲ್ಮನವಿಯಿಲ್ಲ, ತೀರ್ಪಾದ ತಕ್ಷಣ ಗುಂಡು ಎಂಬ ಕಾನೂನು ಅದೇ ದಿನ ಹೊರಟಿತು.

1937ರ ಜುಲೈ 30ರಂದು ಇನ್ನೊಂದು ಆದೇಶ, ಸಂಖ್ಯೆ 00447. ಯಾವ ಪ್ರಾಂತ್ಯದಲ್ಲಿ ಎಷ್ಟು ಜನರಿಗೆ ಗುಂಡು, ಎಷ್ಟು ಜನರಿಗೆ ಶಿಬಿರ ಎಂದು ಅದರಲ್ಲಿ ಮೊದಲೇ ಲೆಕ್ಕ ಹಾಕಿತ್ತು. ಹೆಸರುಗಳನ್ನು ಆಮೇಲೆ ತುಂಬಬೇಕು. ಕೆಲವು ಪ್ರಾಂತ್ಯದವರು ತಮ್ಮ ಲೆಕ್ಕ ಹೆಚ್ಚಿಸಿಕೊಡಿ ಎಂದು ಮೇಲಿನವರನ್ನು ಕೇಳಿಕೊಂಡರು. ದೊಡ್ಡ ಹೆಸರಿನವರಿಗೆ ಬೇರೆ ಪಟ್ಟಿಗಳು; ಅವು ಸ್ಟಾಲಿನ್ ಮೇಜಿಗೇ ಹೋಗುತ್ತಿದ್ದವು.

ಚಟ್ಟೋ ಅವರನ್ನು ಹಿಡಿದದ್ದು ಅದೇ ಜುಲೈ ನಡುವಿನಲ್ಲಿ. 180ಕ್ಕೂ ಹೆಚ್ಚು ಹೆಸರುಗಳಿದ್ದ ಒಂದು ಪಟ್ಟಿಗೆ ಆಗಸ್ಟ್ 31ರಂದು ಸ್ಟಾಲಿನ್, ಮೊಲೊಟೊವ್ ಮೊದಲಾದವರು ಸಹಿ ಹಾಕಿದರು. ಅದರಲ್ಲಿ ನಮ್ಮ ಚಟ್ಟೋ ಹೆಸರಿತ್ತು. ಸೆಪ್ಟೆಂಬರ್ 2ರಂದು ಮಿಲಿಟರಿ ನ್ಯಾಯಪೀಠ ಮರಣದಂಡನೆ ಹೇಳಿತು, ಅದೇ ದಿನ ಜಾರಿಯೂ ಆಯಿತು. ಬ್ರಿಟಿಷರಿಗೆ ಮೂವತ್ತು ವರ್ಷದಲ್ಲಿ ಆಗದ ಕೆಲಸ, ನಂಬಿ ಹೋದ ಮನೆಯವರಿಗೆ ಏಳು ವಾರದಲ್ಲಿ ಆಯಿತು.

ಆ ಎರಡು ವರ್ಷಗಳಲ್ಲಿ ಗುಂಡಿಗೆ ಬಿದ್ದವರು ಅವರದೇ ಕಡತಗಳ ಪ್ರಕಾರ 6,81,692. ಪಟ್ಟಿ ಮಾಡಿದವರನ್ನೂ ಪಟ್ಟಿ ಬಿಡಲಿಲ್ಲ. ಎನ್‌ಕೆವಿಡಿಯ ಮುಖ್ಯಸ್ಥನಾಗಿದ್ದ ಯಗೋದಾನಿಗೆ 1938ರಲ್ಲಿ, ಅವನ ಜಾಗಕ್ಕೆ ಬಂದ ಯೆಝೋವ್‌ನಿಗೆ 1940ರಲ್ಲಿ ಅದೇ ಗತಿ. ಚೆನ್ನೈಯಲ್ಲಿ ಸ್ಟಾಲಿನ್ ಎಂಬ ಹೆಸರು ಗೋಡೆಗೋಡೆಯ ಮೇಲೂ ಕಾಣುತ್ತದೆ. ಇಲ್ಲಿಯ ನಾಯಕರಿಗೆ ತಂದೆ ಅಭಿಮಾನದಿಂದ ಆ ಹೆಸರಿಟ್ಟದ್ದು 1953ರಲ್ಲಿ, ರಷ್ಯಾದ ಸ್ಟಾಲಿನ್ ತೀರಿಕೊಂಡ ದಿನಗಳಲ್ಲಿ. ಸತ್ತವರ ಪಟ್ಟಿಗಳು ಆಗಿನ್ನೂ ಬೀರುವಿನೊಳಗಿದ್ದವು.

ಇದನ್ನೆಲ್ಲ ನಾನು ಓದತೊಡಗಿದ್ದಕ್ಕೆ ಒಂದು ಕಾರಣವಿದೆ. ನಾನು ಲೆಕ್ಕಪತ್ರದವನು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ದಿನ ಮೇಲಿನಿಂದ ಒಂದು ಸಂಖ್ಯೆ ಬಂತು: ಇಷ್ಟು ಜನ ಕಡಿಮೆಯಾಗಬೇಕು. ಯಾರು ಎಂದು ಅದರಲ್ಲಿ ಇರಲಿಲ್ಲ. ಎಕ್ಸೆಲ್ ತೆರೆದು ಹೆಸರು ತುಂಬಿದವರಲ್ಲಿ ನಾನೂ ಒಬ್ಬ. ಕೊನೆಯ ಎರಡು ಸಾಲು ಖಾಲಿ ಉಳಿದಾಗ, ಲೆಕ್ಕ ಸರಿಹೋಗಲೆಂದು ನನಗೆ ಮುಖಪರಿಚಯವೇ ಇಲ್ಲದ ಇಬ್ಬರ ಹೆಸರು ಹಾಕಿದೆ. ಕೆಲಸ ಹೋಗುವುದೂ ಜೀವ ಹೋಗುವುದೂ ಒಂದೇ ಅಲ್ಲ; ಹೋಲಿಸಿದರೆ ಸತ್ತವರಿಗೆ ಅವಮಾನ. ಆದರೆ ಸಂಖ್ಯೆ ಮೊದಲು ಬಂದು ಮನುಷ್ಯ ಆಮೇಲೆ ಬಂದರೆ ಕೈ ಎಷ್ಟು ಸಲೀಸಾಗಿ ಓಡುತ್ತದೆ ಎಂಬುದು ಅವತ್ತು ನನಗೆ ಗೊತ್ತಾಯಿತು. ಆ ರಾತ್ರಿ ಊರಿಂದ ಅಮ್ಮ ಫೋನ್ ಮಾಡಿ ಊಟವಾಯಿತೇ ಎಂದು ಕೇಳಿದಾಗ, ಆ ಇಬ್ಬರ ಅಮ್ಮಂದಿರೂ ಹೀಗೇ ಕೇಳುತ್ತಿರಬಹುದು ಅನ್ನಿಸಿ ಮಾತು ಹೊರಡಲಿಲ್ಲ.

ಹೋದ ತಿಂಗಳು ಈಗಿನ ಆಫೀಸಿನಲ್ಲೂ ಒಂದು ಪಟ್ಟಿ ಮೇಜಿಗೆ ಬಂತು, ಒಂಬತ್ತು ಹೆಸರು. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಮಾತಾಡಿದ ಮೇಲೆ ಸಹಿ ಹಾಕುತ್ತೇನೆಂದು ಹೇಳಿ ಇಟ್ಟುಕೊಂಡಿದ್ದೇನೆ. ನಾಲ್ವರ ಜೊತೆ ಮಾತಾಗಿದೆ. ಇನ್ನೂ ಐವರು ಬಾಕಿ.