ನೆಲ್ಸನ್ ಹೆಸರಿನ ಡಾಕ್‌ಯಾರ್ಡ್: ಕಟ್ಟಿದವರು ಯಾರು?

ಆಂಟಿಗುವಾ ಅಂದ್ರೆ ನಮ್ಮ ಯುವಕರಿಗೆ ನೆನಪಾಗುವುದು ಕ್ರಿಕೆಟಿಗ ವಿವ್ ರಿಚರ್ಡ್ಸ್. ಅದೇ ಪುಟ್ಟ ದ್ವೀಪದ ಇಂಗ್ಲಿಷ್ ಹಾರ್ಬರ್‌ನಲ್ಲಿ ಬ್ರಿಟಿಷ್ ನೌಕಾಪಡೆಯ ಹಳೆಯ ಡಾಕ್‌ಯಾರ್ಡ್ ಇದೆ. ಇಂದು ಅದನ್ನು ಕರೆಯುವುದು ಅಡ್ಮಿರಲ್ ನೆಲ್ಸನ್ ಹೆಸರಿನಿಂದ.

ಹೊರೇಷಿಯೊ ನೆಲ್ಸನ್ 1758ರಲ್ಲಿ ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ. ಒಂಬತ್ತನೇ ವಯಸ್ಸಿಗೆ ತಾಯಿ ತೀರಿಕೊಂಡರು. ಹನ್ನೆರಡಕ್ಕೆ, ಕ್ಯಾಪ್ಟನ್ ಆಗಿದ್ದ ಸೋದರಮಾವನ ಹಡಗು ಹತ್ತಿದ. 1784ರಲ್ಲಿ 'ಬೋರಿಯಸ್' ಯುದ್ಧನೌಕೆಯ ಕ್ಯಾಪ್ಟನ್ ಆಗಿ ಆಂಟಿಗುವಾಕ್ಕೆ ಬಂದಾಗ ವಯಸ್ಸು ಬರೀ 25.

ಆ ಬೆಚ್ಚನೆಯ ಸಮುದ್ರದಲ್ಲಿ ಮರದ ಹಡಗುಗಳ ತಳವನ್ನು ಹುಳ ಕೊರೆಯುತ್ತಿತ್ತು. ಹಗ್ಗ ಕಟ್ಟಿ ಹಡಗನ್ನು ಒಂದು ಮಗ್ಗುಲಿಗೆ ವಾಲಿಸಿ, ತಳ ಕೆರೆದು ರಿಪೇರಿ ಮಾಡಬೇಕಿತ್ತು. ಗುಡ್ಡಗಳ ನಡುವಿನ ಈ ಬಂದರಿನಲ್ಲಿ ಬಿರುಗಾಳಿಯ ಕಾಟವೂ ಕಡಿಮೆ. ಹಾಗಾಗಿ 1720ರ ದಶಕದಲ್ಲಿ ಇಲ್ಲಿ ಡಾಕ್‌ಯಾರ್ಡ್ ಶುರುವಾಯಿತು. ಅದಕ್ಕೆ ದುಡಿದವರು ಆಫ್ರಿಕಾ ಮೂಲದ ಗುಲಾಮರು. ಕಬ್ಬಿನ ತೋಟದ ಮಾಲೀಕರೇ ಅವರನ್ನು ಈ ಕೆಲಸಕ್ಕೆ ಕಳುಹಿಸುತ್ತಿದ್ದರು.

ಸ್ವತಂತ್ರವಾದ ಅಮೆರಿಕದ ಹಡಗುಗಳು ಬ್ರಿಟಿಷ್ ದ್ವೀಪಗಳಲ್ಲಿ ವ್ಯಾಪಾರ ಮಾಡುವಂತಿರಲಿಲ್ಲ. ಸ್ಥಳೀಯ ವ್ಯಾಪಾರಿಗಳಿಗೆ ಆ ವ್ಯಾಪಾರ ಬೇಕೇ ಬೇಕಿತ್ತು. ನೆಲ್ಸನ್ ಅಂಥ ಹಡಗುಗಳನ್ನು ಹಿಡಿದಾಗ ಅವನ ಮೇಲೆಯೇ ಕೇಸು ಬಿತ್ತು. ಬಂಧನದ ಭಯಕ್ಕೆ ವಾರಗಟ್ಟಲೆ ಹಡಗಿನಿಂದ ಇಳಿಯಲೇ ಇಲ್ಲ. 1787ರಲ್ಲಿ ನೆವಿಸ್ ದ್ವೀಪದ ತೋಟದ ಮಾಲೀಕರ ಮನೆತನದ ವಿಧವೆ ಫ್ಯಾನಿ ನಿಸ್ಬೆಟ್‌ಳನ್ನು ಮದುವೆಯಾಗಿ ಊರಿಗೆ ಮರಳಿದ. ಕಾನೂನಿಗಾಗಿ ವ್ಯಾಪಾರಿಗಳನ್ನು ಎದುರು ಹಾಕಿಕೊಂಡವನು ಗುಲಾಮಗಿರಿಯ ವಿಚಾರದಲ್ಲಿ ಮಾತ್ರ ತೋಟದ ಮಾಲೀಕರ ಪರ.

ಮುಂದೆ ಯುದ್ಧಗಳಲ್ಲಿ ಬಲಗಣ್ಣಿನ ದೃಷ್ಟಿ ಹೋಯಿತು, ಬಲಗೈಯೂ ಹೋಯಿತು. 1798ರಲ್ಲಿ ಈಜಿಪ್ಟ್ ಕರಾವಳಿಯಲ್ಲಿ ನೆಪೋಲಿಯನ್‌ನ ನೌಕಾಪಡೆಯನ್ನು ನಾಶ ಮಾಡಿದ. ಇದರ ಬಿಸಿ ನಮ್ಮ ನಾಡಿಗೂ ತಟ್ಟಿತು. ಟಿಪ್ಪು ಸುಲ್ತಾನರು ಕಾಯುತ್ತಿದ್ದ ಫ್ರೆಂಚರ ನೆರವು ಬರಲೇ ಇಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಅವರು ಹುತಾತ್ಮರಾದರು. ಈಜಿಪ್ಟ್ ಗೆಲುವಿಗಾಗಿ ಈಸ್ಟ್ ಇಂಡಿಯಾ ಕಂಪೆನಿ ನೆಲ್ಸನ್‌ಗೆ 10,000 ಪೌಂಡ್ ಇನಾಮು ಕೊಟ್ಟಿತು. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕದನ ಗೆಲ್ಲುತ್ತಲೇ ನೆಲ್ಸನ್ ಗುಂಡೇಟಿಗೆ ಬಲಿಯಾದ.

ಆಂಟಿಗುವಾದ ಗುಲಾಮರಿಗೆ ಬಿಡುಗಡೆ ಸಿಕ್ಕಿದ್ದು 1834ರಲ್ಲಿ. ಡಾಕ್‌ಯಾರ್ಡ್ 1889ರಲ್ಲಿ ಮುಚ್ಚಿ ಪಾಳುಬಿತ್ತು. 1950ರ ದಶಕದಲ್ಲಿ ದುರಸ್ತಿ ಆರಂಭವಾಗಿ, 1961ರಲ್ಲಿ ಜನರಿಗೆ ತೆರೆಯಿತು. 2016ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ, ತಲೆಮಾರುಗಟ್ಟಲೆ ಗುಲಾಮರು ದುಡಿಯದಿದ್ದರೆ ಇದು ನಿಲ್ಲುತ್ತಲೇ ಇರಲಿಲ್ಲ ಎಂಬುದನ್ನು ಒಪ್ಪಿಕೊಂಡಿತು. ಮೂರು ವರ್ಷ ಇದ್ದು ಹೋದವನ ಹೆಸರು ಬೋರ್ಡಿನಲ್ಲಿದೆ. ಕಲ್ಲು ಹೊತ್ತವರ ಹೆಸರುಗಳನ್ನು ಇನ್ನು ದಾಖಲೆಗಳಲ್ಲಿ ಹುಡುಕಿ ತೆಗೆಯಬೇಕು.